ಲೆಕ್ಕಕ್ಕೆ ಸಿಗದ ಲಾರಿ

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವಾರ್ಷಿಕ ವರದಿಯನ್ನು ನಂಬುವುದಾದರೆ 2022ರಲ್ಲಿ ಕೇರಳದಲ್ಲಿ ಸಂಭವಿಸಿದ ರಸ್ತೆ ಅಪಘಾತಗಳು 43,910. ಉತ್ತರ ಪ್ರದೇಶದಲ್ಲಿ 41,746. ಹಾಗಾದರೆ ಈ ಚಿಕ್ಕ ರಾಜ್ಯದ ರಸ್ತೆಯೇ ಹೆಚ್ಚು ಅಪಾಯಕರವೆಂದು ತಿಳಿಯಬೇಕೆ? ಪಕ್ಕದ ಅಂಕಣವನ್ನೂ ನೋಡಬೇಕು. ಮಡಿದವರು ಇಲ್ಲಿ 4,317, ಅಲ್ಲಿ 22,595. ಇಲ್ಲಿ ಮೊಣಕಾಲು ತರಚಿದ್ದೂ ಠಾಣೆಯ ಪುಸ್ತಕವನ್ನು ಸೇರುತ್ತದೆ, ಅಲ್ಲಿ ಬಹುಪಾಲು ಸೇರುವುದಿಲ್ಲ ಎಂಬುದಲ್ಲದೆ ಇಷ್ಟು ಅಂತರಕ್ಕೆ ಬೇರೆ ಸಮಾಧಾನ ನಮಗೆ ತೋರುವುದಿಲ್ಲ.

ಒಟ್ಟು ಲೆಕ್ಕದ ಗತಿಯೇ ಹೀಗಿರುವಾಗ ಲಾರಿಗಳ ಲೆಕ್ಕವನ್ನು ಕೇಳುವುದೇ ಬೇಡ. ಅದೇ ವರ್ಷ ದೇಶದಲ್ಲಿ ರಸ್ತೆಯ ಮೇಲೆ ಸತ್ತವರು ಸಚಿವಾಲಯದ ಪ್ರಕಾರ 1,68,491. ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ಪ್ರಕಾರ 1,71,100. ಎರಡಕ್ಕೂ ಮೂಲ ಪೋಲೀಸ್ ಠಾಣೆಯೇ! ಮೃತರಲ್ಲಿ ಶೇಕಡಾ 44.5 ಮಂದಿ ದ್ವಿಚಕ್ರ ವಾಹನದವರೆಂದು ಸಚಿವಾಲಯ ಹೇಳುತ್ತದೆ. ಬೈಕ್ ಸವಾರ ಲಾರಿಯ ಚಕ್ರದಡಿ ಸಿಲುಕಿ ಸತ್ತರೂ ಅವನು ಸೇರುವುದು ಈ ಸಾಲಿಗೆ. ಲಾರಿಯ ಸಾಲಿನಲ್ಲಿರುವವರು ಲಾರಿಯೊಳಗೆ ಕುಳಿತು ಸತ್ತವರು. ಡಿಕ್ಕಿ ಹೊಡೆದ ವಾಹನ ಯಾವುದೆಂಬ ಪಟ್ಟಿ ಬೇರೆ ಇದೆ, ಸರಿ. ಆದರೆ ಹೊಡೆದದ್ದು ನಿಲ್ಲದೆ ಓಡಿದರೆ ಅಲ್ಲಿ ಏನು ಬರೆಯುವುದು?

ಕಾರಣದ ಅಂಕಣವಂತೂ ಪುಸ್ತಕದ ಬದನೆಕಾಯಿ. ಶೇಕಡಾ 72ರಷ್ಟು ಅಪಘಾತಗಳಿಗೆ ಅತಿವೇಗವೇ ಕಾರಣವಂತೆ. ಘಟನೆ ಮುಗಿದ ಮೇಲೆ ಬಂದವರು ವೇಗವನ್ನು ಅಳೆದದ್ದು ಯಾವ ಕೋಲಿನಿಂದ? ಹೊಂಡ, ಕತ್ತಲು, ಮಿತಿಮೀರಿದ ಹೇರು, ನಿದ್ದೆಗೆಟ್ಟ ಡ್ರೈವರ್ ಎಲ್ಲವೂ ಆ ಒಂದೇ ಮಾತಿನಲ್ಲಿ ಮುಚ್ಚಿಹೋಗುತ್ತವೆ.

2012ರ ಆಗಸ್ಟಿನಲ್ಲಿ ಕಣ್ಣೂರಿನ ಚಾಲದಲ್ಲಿ ಅನಿಲ ಟ್ಯಾಂಕರ್ ಮಗುಚಿ ಬೆಂಕಿ ಹತ್ತಿದುದು ನಮ್ಮ ಓದುಗರಿಗೆ ನೆನಪಿದ್ದೀತು. ಸುಟ್ಟ ಗಾಯದವರು ದಿನಗಳ ಮೇಲೆ ಒಬ್ಬೊಬ್ಬರಾಗಿ ತೀರಿಕೊಂಡು ಸಾವು 20ಕ್ಕೆ ಮುಟ್ಟಿತು. ಅದು ದೇಶವೇ ನೋಡಿದ ದುರಂತ, ಆದುದರಿಂದ ಲೆಕ್ಕ ತಪ್ಪಲಿಲ್ಲ. ಆದರೆ ಮಂಜೇಶ್ವರದಲ್ಲೋ ಕುಂಬಳೆಯಲ್ಲೋ ಲಾರಿ ತಗಲಿದವನನ್ನು ನಾವು ಒಯ್ಯುವುದು ಮಂಗಳೂರಿಗೆ. 2020ರಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಆ ಹಾದಿಯ ಬೆಲೆ ಎಲ್ಲರಿಗೂ ತಿಳಿಯಿತು. ಮೂವತ್ತು ದಿನದೊಳಗಿನ ಸಾವು ಅಪಘಾತದ ಸಾವೆಂದೇ ನಿಯಮ. ಅವನು ಇಪ್ಪತ್ತನೆಯ ದಿನ ಅಲ್ಲಿ ಕಣ್ಣುಮುಚ್ಚಿದರೆ ಆ ಸುದ್ದಿ ಗಡಿ ದಾಟಿ ಇಲ್ಲಿನ ಠಾಣೆಗೆ ಬಂದು, ಗಾಯವೆಂದು ಬರೆದದ್ದು ಮರಣವೆಂದು ತಿದ್ದಲ್ಪಡಬೇಕು. ಮನೆಯವರು ಬೆನ್ನು ಹಿಡಿಯದಿದ್ದರೆ ಇದು ತಾನಾಗಿ ಆದೀತೆಂಬ ಭರವಸೆ ನಮಗಿಲ್ಲ.

ನಮ್ಮ ವಿದ್ಯಾರ್ಥಿಯೊಬ್ಬನ ತಂದೆ ಮುರಕಲ್ಲಿನ ಲಾರಿ ಒತ್ತಿಕೊಂಡು ಬಂದಾಗ ಬೈಕ್ ಸಹಿತ ಚರಂಡಿಗೆ ಬಿದ್ದು ತೊಡೆಯೆಲುಬು ಮುರಿದುಕೊಂಡರು. ಲಾರಿ ನಿಲ್ಲಲಿಲ್ಲ. ಮಲಯಾಳದಲ್ಲಿ ಬರೆದುಕೊಂಡ ಹೇಳಿಕೆಗೆ ಅವರು ಓದಲಾರದೆ ರುಜು ಹಾಕಿದರು. ತಿಂಗಳ ಬಳಿಕ ನಾವು ಓದಿಸಿ ನೋಡಿದರೆ ಅದರಲ್ಲಿ ಲಾರಿಯೇ ಇಲ್ಲ. ಬೈಕ್ ಜಾರಿ ಬಿತ್ತೆಂದಷ್ಟೇ ಇದೆ. ಗುರುತು ಸಿಗದ ವಾಹನ ಹೊಡೆದು ಓಡಿದರೆ 2022ರ ಯೋಜನೆಯಂತೆ ಮೃತರ ಕುಟುಂಬಕ್ಕೆ 2 ಲಕ್ಷ, ತೀವ್ರ ಗಾಯಾಳುವಿಗೆ 50,000 ರೂಪಾಯಿ ಸಲ್ಲಬೇಕು. ಇಲ್ಲದ ಲಾರಿಯ ಹೆಸರಿನಲ್ಲಿ ಅದನ್ನು ಕೇಳುವುದು ಹೇಗೆ? ಅಷ್ಟೇ ಅಲ್ಲ. 500 ಮೀಟರ್ ರಸ್ತೆಯಲ್ಲಿ ಮೂರು ವರ್ಷದೊಳಗೆ ಸಾವು ಅಥವಾ ತೀವ್ರ ಗಾಯದ ಐದು ಅಪಘಾತ, ಇಲ್ಲವೇ ಹತ್ತು ಸಾವು ದಾಖಲಾದರೆ ಮಾತ್ರ ಹೆದ್ದಾರಿಯ ಆ ಭಾಗ ಅಪಾಯಸ್ಥಳವೆನಿಸುತ್ತದೆ. ಶಾಲೆಯ ಮುಂದೆ ದಾಟುವ ವ್ಯವಸ್ಥೆ ಬೇಕೆಂದು ಅರ್ಜಿ ಕೊಟ್ಟಾಗ ಅಧಿಕಾರಿಗಳು ತೆರೆಯುವುದು ಇದೇ ಪುಸ್ತಕವನ್ನು.

ದೂರನ್ನು ಬರೆದ ಮೇಲೆ ದೂರುದಾರನಿಗೆ ಓದಿ ಹೇಳಬೇಕು, ಪ್ರತಿಯನ್ನು ಉಚಿತವಾಗಿ ಕೊಡಬೇಕು ಎಂಬುದು ಕಾನೂನು. ಭಾಷಾ ಅಲ್ಪಸಂಖ್ಯಾತ ಪ್ರದೇಶವಾದ ಇಲ್ಲಿನ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲೇ ವ್ಯವಹರಿಸುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ಕನ್ನಡಿಗರಿಗೆ ಕೊಟ್ಟಿದೆ. ಆ ತಂದೆಯ ಹೇಳಿಕೆಯನ್ನು ತಿದ್ದಬೇಕೆಂದು ಕನ್ನಡದಲ್ಲೇ ಅರ್ಜಿ ಬರೆದು ಕೊಟ್ಟಿದ್ದೇವೆ. ಉತ್ತರ ಇನ್ನೂ ಬಂದಿಲ್ಲ.