ಶಿರಸಿ ಜಿಲ್ಲೆಯಾದರೆ ಅಘನಾಶಿನಿ ಯಾರ ಪಾಲು?

ಉತ್ತರ ಕನ್ನಡವನ್ನು ಒಡೆದು ಘಟ್ಟದ ಮೇಲಿನ ತಾಲ್ಲೂಕುಗಳಿಗೆ ಶಿರಸಿ ಜಿಲ್ಲೆ ಬೇಕೆನ್ನುವವರ ಸಂಕಟ ಸುಳ್ಳಲ್ಲ. ಜಿಲ್ಲಾ ಕೇಂದ್ರ ಕಾರವಾರ ಗೋವಾ ಗಡಿಗೆ ಆತುಕೊಂಡಿದೆ. ಒಂದು ಸಹಿಗಾಗಿ ಸಿದ್ದಾಪುರದ ರೈತ ಬೆಳಗಿನ ಜಾವವೇ ಬಸ್ಸು ಹತ್ತಿ ಘಟ್ಟ ಇಳಿಯಬೇಕು. ಸಾಹೇಬರು ಮೀಟಿಂಗಿನಲ್ಲಿದ್ದರೆ ಆ ದಿನ ಹೋದಂತೆಯೇ.

ಈ ಗಡಿಯನ್ನೇನು ಬ್ರಹ್ಮ ಬರೆದಿಲ್ಲ ಎಂಬ ಅವರ ವಾದವೂ ಸರಿ. 1799ರಲ್ಲಿ ಟಿಪ್ಪು ಮಡಿದ ಮೇಲೆ ಕೆನರಾ ಒಂದೇ ಜಿಲ್ಲೆಯಾಗಿ ಮದ್ರಾಸಿನ ಆಡಳಿತಕ್ಕೆ ಸೇರಿತ್ತು. ಧಾರವಾಡ ಸೀಮೆಯ ಹತ್ತಿ ಹಡಗೇರಲು ಕಾರವಾರದ ಬಂದರು ಬೇಕೆಂದು ಮುಂಬೈ ವರ್ತಕರು ಒತ್ತಾಯಿಸಿದರು. 1862ರಲ್ಲಿ ಉತ್ತರದ ಭಾಗ, ಅಂದರೆ ಇಂದಿನ ಉತ್ತರ ಕನ್ನಡ, ಮುಂಬೈ ಪ್ರಾಂತ್ಯಕ್ಕೆ ಹೋಯಿತು, ಕುಂದಾಪುರ ಮದ್ರಾಸಿನಲ್ಲೇ ಉಳಿಯಿತು.

ಆದರೆ ಹತ್ತಿಗಾಗಿ ಎಳೆದ ಆ ಗೆರೆಯೊಳಗೆ, ಎಳೆದವರೇ ಎಣಿಸದ ಒಂದು ಒಳಿತು ಉಳಿದುಕೊಂಡಿದೆ. ಅಘನಾಶಿನಿ ಹುಟ್ಟುವುದು ಶಿರಸಿ ಕಡೆ, ಕಡಲು ಸೇರುವುದು ಕುಮಟಾ ತಾಲ್ಲೂಕಿನಲ್ಲಿ. ಕಾಳಿಯೂ ಅಷ್ಟೇ, ಜೋಯಿಡಾದಲ್ಲಿ ಹುಟ್ಟಿ ಕಾರವಾರದಲ್ಲಿ ಮುಗಿಯುತ್ತದೆ. ಮೂಲದಿಂದ ಅಳಿವೆಯವರೆಗೆ ಒಂದೇ ಜಿಲ್ಲೆಯಲ್ಲಿ ಹರಿಯುವ ಭಾಗ್ಯ ನಮ್ಮ ಎಷ್ಟು ಹೊಳೆಗಳಿಗಿದೆ? ಅಘನಾಶಿನಿಯ ಅಳಿವೆಯಲ್ಲಿ ಬಳಚು ಚಿಪ್ಪು ಹೆಕ್ಕುವವರ, ಗಜನಿ ಎಂಬ ಉಪ್ಪುನೀರಿನ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆಯುವವರ ಅನ್ನ ನಿಂತಿರುವುದು ಮೇಲಿಂದ ಇಳಿಯುವ ಸಿಹಿನೀರು ಉಪ್ಪುನೀರಿನ ಹದ ಕಾಯುವುದರ ಮೇಲೆ. ಮೇಲೆ ಕಾಡು ಕಡಿದರೆ, ನೀರು ತಿರುಗಿಸಿದರೆ ಕೆಳಗಿನವರು ಇಂದು ಅದೇ ಜಿಲ್ಲಾಧಿಕಾರಿಯ ಬಾಗಿಲು ಬಡಿಯಬಹುದು. ಜಿಲ್ಲೆ ಎರಡಾದರೆ 'ಅದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ' ಎಂಬ ಉತ್ತರ ತಯಾರಾಗಿರುತ್ತದೆ. ಸರ್ಕಾರಿ ಕಚೇರಿ ಕಂಡವರಿಗೆ ಈ ಮಾತನ್ನು ವಿವರಿಸಬೇಕಿಲ್ಲ.

ದೂರದ ಲೆಕ್ಕವೂ ಅಂದುಕೊಂಡಷ್ಟು ನೇರವಾಗಿಲ್ಲ. ಜೋಯಿಡಾ ಘಟ್ಟದ ಮೇಲಿದ್ದರೂ ಅಲ್ಲಿಯವರಿಗೆ ಶಿರಸಿಗಿಂತ ಕಾರವಾರವೇ ಹತ್ತಿರ. ಭಟ್ಕಳದವರು ಘಟ್ಟದ ಕೆಳಗಿದ್ದೂ ಕಾರವಾರ ತಲುಪಲು ನೂರು ಕಿಲೋಮೀಟರ್ ಮೀರಿ ಹೋಗಬೇಕು. ಹೊಸ ಜಿಲ್ಲೆ ಅವರ ದಾರಿಯನ್ನು ಒಂದು ಮಾರೂ ತಗ್ಗಿಸದು.

ಹಂಚಬೇಕಾದ್ದು ಕಚೇರಿಗಳನ್ನು, ಹೊಳೆಗಳನ್ನಲ್ಲ ಎಂದು ನನಗನ್ನಿಸುತ್ತದೆ. ಇದಕ್ಕೆ ಮಾದರಿಯೂ ಅಲ್ಲೇ ಇದೆ. ಶಿರಸಿ ಈಗಾಗಲೇ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ. ವಾಹನ ನೋಂದಣಿಯಲ್ಲಿ ಕಾರವಾರ 30, ಶಿರಸಿ 31, ಹೊನ್ನಾವರ 47, ದಾಂಡೇಲಿ 65. ಇದಕ್ಕಾಗಿ ಯಾರೂ ಜಿಲ್ಲೆ ಒಡೆಯಲಿಲ್ಲ. ಹಾಗೆಯೇ ಜಮೀನಿನ ಕಡತಗಳನ್ನು ಅಲ್ಲಲ್ಲೇ ಮುಗಿಸುವ ಅಧಿಕಾರ ಕೊಟ್ಟು ಅಪರ ಜಿಲ್ಲಾಧಿಕಾರಿಯೊಬ್ಬರನ್ನು ಶಿರಸಿಯಲ್ಲೂ ಇನ್ನೊಬ್ಬರನ್ನು ಭಟ್ಕಳದಲ್ಲೂ ಕೂರಿಸಬಹುದಲ್ಲ? ಹೋರಾಟಗಾರರು ಮೊದಲು ಇದನ್ನು ಕೇಳಿ ನೋಡಲಿ.