ಡ್ರಿಪ್ ಹಾಕಿದ್ರೇನೇ ಚಿಕಿತ್ಸೆನಾ?

"ಬರೀ ಮಾತ್ರೆನಾ ಡಾಕ್ಟ್ರೇ?" ಅಂತ ಕೇಳಿದ್ದು ನಾನೇ.

ತಾತನಿಗೆ ಆಗ 76. ಶಿಡ್ಲಘಟ್ಟದ ಹತ್ತಿರ ನಮ್ಮೂರಲ್ಲಿ ಹುಳ ಸಾಕುತ್ತಾ, ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಅಗಿಯುತ್ತಾ ಬದುಕಿದವರು. ಬಾಯಿಯ ಹುಣ್ಣು ಕ್ಯಾನ್ಸರ್ ಅಂತ ಗೊತ್ತಾಗುವಷ್ಟರಲ್ಲಿ ಅದು ಕುತ್ತಿಗೆಗೂ ಹರಡಿತ್ತು. ಆಪರೇಷನ್ನಿನ ಕಾಲ ದಾಟಿತ್ತು. ಡಾಕ್ಟರು ಮಾತ್ರೆ ಕೀಮೋ ಬಗ್ಗೆ ಹೇಳಿದರೆ ನನಗೆ ಅವಮಾನ ಆದಂಗಾಯ್ತು. ಇನ್ಶೂರೆನ್ಸ್ ಇದೆ, ಸಂಬಳ ಇದೆ, ಮಾತ್ರೆ ಕೊಟ್ಟು ಕಳಿಸ್ತಾರಾ? ಡ್ರಿಪ್ಪೇ ಬೇಕು ಅಂತ ಹಟ ಹಿಡಿದೆ.

ಮೂರು ವಾರಕ್ಕೊಮ್ಮೆ ಬೆಳಗಿನ ಜಾವ ಕಾರು, ಹೆಬ್ಬಾಳದ ಟ್ರಾಫಿಕ್ಕು, ಇಡೀ ದಿನ ಸೂಜಿ. ವಾಪಸ್ ಬರುವಾಗ ದೇವನಹಳ್ಳಿ ದಾಟುವ ಮೊದಲೇ ವಾಂತಿ. ಮುದ್ದೆ ಬಿಟ್ಟು ಗಂಜಿಗೆ ಬಂದಿದ್ದವರು ಗಂಜಿಯನ್ನೂ ಬಿಟ್ಟರು. ಮೂರನೇ ಸಲ "ಕೈ ಮುಗೀತೀನಿ, ಬ್ಯಾಡ ಕಣಪ್ಪ" ಅಂದ್ರು.

ಅವರು ಹೋದಮೇಲೆ ಓದಿದೆ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ವಾಸಿಯಾಗುವ ಹಂತ ದಾಟಿದ 422 ತಲೆ-ಕುತ್ತಿಗೆ ಕ್ಯಾನ್ಸರ್ ರೋಗಿಗಳ ಮೇಲೆ ಅಧ್ಯಯನ ಮಾಡಿ, 2020ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್‌ನಲ್ಲಿ ಪ್ರಕಟಿಸಿದ್ದಾರೆ. ಅರ್ಧ ಜನಕ್ಕೆ ಸಿಸ್ಪ್ಲಾಟಿನ್ ಡ್ರಿಪ್. ಉಳಿದರ್ಧಕ್ಕೆ ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್, ದಿನಕ್ಕೆರಡು ಸಲ ಸೆಲೆಕಾಕ್ಸಿಬ್. ಎರಡೂ ಕೀಲುನೋವಿಗೂ ಕೊಡುವ ಹಳೇ ಮಾತ್ರೆಗಳು. ಡ್ರಿಪ್ಪಿನವರ ಸರಾಸರಿ ಆಯಸ್ಸು 6.1 ತಿಂಗಳು, ಮಾತ್ರೆಯವರದ್ದು 7.5. ತೀವ್ರ ಅಡ್ಡಪರಿಣಾಮ ಡ್ರಿಪ್ಪಿನಲ್ಲಿ 30%, ಮಾತ್ರೆಯಲ್ಲಿ 19%.

ಇದು ಪವಾಡ ಅಲ್ಲ. ಆಪರೇಷನ್, ರೇಡಿಯೇಷನ್ ಸಾಧ್ಯ ಇದ್ದವರಿಗೆ ಅದೇ ಮೊದಲು. ಆದರೆ ಉಳಿದಿರೋದೇ ಕೆಲವು ತಿಂಗಳು ಅಂದಾಗ ಅದನ್ನ ಜಗಲಿ ಮೇಲೆ ಕಳೀಬೇಕಾ, ಹೈವೇ ಮೇಲಾ? "ನಮ್ಮ ಕೈಲಾಗಿದ್ದೆಲ್ಲಾ ಮಾಡಿದ್ವಿ" ಅಂತ ನೆಂಟರ ಮುಂದೆ ಹೇಳ್ಕೊಳ್ಳೋಕೆ ಡ್ರಿಪ್ ಬೇಕಿದ್ದಿದ್ದು ನನಗೆ, ತಾತನಿಗಲ್ಲ. ಊರಲ್ಲಿ ಅಪ್ಪ ಅಮ್ಮನ್ನ ಬಿಟ್ಟು ಬಂದಿರೋ ನಮ್ಮಂಥವರು ಈ ತಪ್ಪನ್ನ ಸುಲಭವಾಗಿ ಮಾಡ್ತೀವಿ.

ಹಾಗಂತ ತಪ್ಪೆಲ್ಲಾ ನಮ್ಮದೇ ಅಲ್ಲ. ಮಾತ್ರೆ ಚೀಟಿ ಬರೆದು ಕಳಿಸಿದ್ರೆ ಕೆಲಸ ಮುಗಿಯಲ್ಲ. ಮೆಥೊಟ್ರೆಕ್ಸೇಟನ್ನ ವಾರಕ್ಕೊಮ್ಮೆ ಬದಲು ದಿನಾ ನುಂಗಿದರೆ ಪ್ರಾಣಕ್ಕೇ ಕುತ್ತು. ವಯಸ್ಸಾದವರ ಮೂತ್ರಪಿಂಡ ಹೇಗಿದೆ, ರಕ್ತಕಣ ಇಳಿದಿದೆಯಾ ಅಂತ ಆಗಾಗ ನೋಡ್ತಿರಬೇಕು. ಕಣ್ಣು ಮಂಜಾದ ಅಜ್ಜಿಗೆ ಇಂಗ್ಲಿಷ್ ಚೀಟಿ ಕೊಟ್ಟರೆ ಇದನ್ನೆಲ್ಲಾ ನೋಡೋರು ಯಾರು? ಇದಕ್ಕೆ ಬೇಕಿರೋದು ಒಂದು ಲ್ಯಾಬು, ಒಂದು ರಿಜಿಸ್ಟರು, ಗೊತ್ತಿರುವ ಒಬ್ಬ ನರ್ಸು. ಚಿಂತಾಮಣಿ, ಗೌರಿಬಿದನೂರಿನ ತಾಲ್ಲೂಕು ಆಸ್ಪತ್ರೆಯಲ್ಲೇ ಆಗಬೇಕಾದ ಕೆಲಸ ಇದು. ಮೊದಲ ಚೀಟಿ ಬೆಂಗಳೂರಿನ ತಜ್ಞರು ಬರೀಲಿ; ರಕ್ತಪರೀಕ್ಷೆ, ಮುಂದಿನ ಮಾತ್ರೆ, ನೋವಿಗೆ ಮಾರ್ಫಿನ್ ಹತ್ತಿರದಲ್ಲೇ ಸಿಗಲಿ.

ಮೂರು ವರ್ಷದಲ್ಲಿ ಎಲ್ಲಾ ಜಿಲ್ಲಾಸ್ಪತ್ರೆಗಳಲ್ಲೂ ಡೇ ಕೇರ್ ಕ್ಯಾನ್ಸರ್ ಕೇಂದ್ರ ಅಂತ 2025ರ ಕೇಂದ್ರ ಬಜೆಟ್ ಹೇಳಿತು. ಸಂತೋಷ. ಆದರೆ ಅಲ್ಲಿ ಬರೀ ಕುರ್ಚಿ, ಡ್ರಿಪ್ ಸ್ಟ್ಯಾಂಡ್ ಜೋಡಿಸಿ ರಿಬ್ಬನ್ ಕತ್ತರಿಸಿದ್ರೆ ಚಿಕ್ಕಬಳ್ಳಾಪುರಕ್ಕೂ ಬರಲಾಗದ ಮುದುಕರ ಗತಿ ಏನು?

ನಾಳೆ ನಿಮ್ಮ ಮನೆಯ ಹಿರಿಯರಿಗೆ ಡಾಕ್ಟರು ಮಾತ್ರೆ ಸಾಕು ಅಂದರೆ "ಬರೀ ಮಾತ್ರೆನಾ?" ಅನ್ನಬೇಡಿ. "ವಾರದಲ್ಲಿ ಯಾವ ದಿನ ಸಾರ್? ನಮ್ಮ ತಾಲ್ಲೂಕಲ್ಲಿ ರಕ್ತ ಯಾರು ನೋಡ್ತಾರೆ?" ಅಂತ ಕೇಳಿ. ನಾನು ಕೇಳಬೇಕಿದ್ದ ಪ್ರಶ್ನೆ ಅದು.