ಫ್ಲಶ್ ಟ್ಯಾಂಕಿನಲ್ಲಿ ಸೋರುವ ಕಾವೇರಿ

2024ರ ಬೇಸಿಗೆಯನ್ನು ಬೆಂಗಳೂರಿಗರು ಮರೆತಿರಲಾರರು. ಆ ವರ್ಷದ ಮಾರ್ಚ್ ತಿಂಗಳಿನಲ್ಲಿ ನಾವಿರುವ ಅಪಾರ್ಟ್‌ಮೆಂಟ್‌ನ ಕೊಳವೆಬಾವಿ ಬತ್ತಿಹೋಯಿತು. ಟ್ಯಾಂಕರ್‌ಗಾಗಿ ಕಾಯುವುದು, ಬಂದ ಟ್ಯಾಂಕರ್ ಪೂರ್ತಿ ತುಂಬಿತ್ತೋ ಇಲ್ಲವೋ ಎಂದು ವಾದಿಸುವುದು ನಮ್ಮ ದಿನಚರಿಯಾಯಿತು. ಜಲಮಂಡಳಿಯ ಸೂಚನೆಯಂತೆ ನಲ್ಲಿಗಳಿಗೆ ಏರೇಟರ್ ಅಳವಡಿಸಿದೆವು. ನಿವಾಸಿಗಳ ಸಂಘದ ಸಭೆಯಲ್ಲಿ ಕಾರು ತೊಳೆಯುವುದರ ಬಗ್ಗೆ, ಹೂಕುಂಡಗಳಿಗೆ ನೀರು ಹಾಕುವುದರ ಬಗ್ಗೆ ಎರಡು ತಾಸು ಚರ್ಚೆ ನಡೆಯಿತು. ಶೌಚಾಲಯದ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಸಭ್ಯರ ಸಭೆಯಲ್ಲಿ ಆಡುವ ಮಾತಲ್ಲ ಅದು ಎಂಬ ಸಂಕೋಚ ನಮ್ಮೆಲ್ಲರದು.

ಈ ಸಂಕೋಚಕ್ಕೆ ನಾವು ತೆರುತ್ತಿರುವ ಬೆಲೆ ಎಷ್ಟು? ನಗರದ ಮನೆಗಳಲ್ಲಿ ತಲಾ ದಿನಕ್ಕೆ 150ರಿಂದ 200 ಲೀಟರ್ ನೀರು ಬೇಕೆಂದು ಅಂದಾಜಿಸುವ ರಾಷ್ಟ್ರೀಯ ಕಟ್ಟಡ ಸಂಹಿತೆ, ಅದರಲ್ಲಿ 45 ಲೀಟರನ್ನು ಫ್ಲಶ್‌ಗೆಂದೇ ತೆಗೆದಿರಿಸುತ್ತದೆ. ಅಂದರೆ ಸರಿಸುಮಾರು ನಾಲ್ಕನೆಯ ಒಂದು ಭಾಗ. ಕುಡಿಯಲು, ಅಡುಗೆಗೆ ಬೇಕಾಗುವುದು ಇದರ ಒಂದು ಸಣ್ಣ ಪಾಲು ಮಾತ್ರ. ನಲ್ಲಿಗೆ ಹಾಕಿದ ಏರೇಟರ್ ಕೈ ತೊಳೆಯುವಾಗ ನೀರು ಉಳಿಸೀತು. ಆದರೆ ಅದೇ ನಲ್ಲಿಯಿಂದ ಬಕೆಟ್ ತುಂಬಿಸಿದರೆ ಹಿಡಿಯುವ ನೀರು ಅಷ್ಟೇ, ಹಿಡಿಯುವ ಹೊತ್ತು ಮಾತ್ರ ಹೆಚ್ಚು. ಫ್ಲಶ್ ಟ್ಯಾಂಕ್ ಹಾಗಲ್ಲ. ಅದು ಪ್ರತಿ ಸಲವೂ ಅಷ್ಟೇ ನೀರನ್ನು ಸುರಿಯುತ್ತದೆ. ಆದ್ದರಿಂದ ಅದರ ಅಳತೆಯನ್ನು ಒಮ್ಮೆ ತಗ್ಗಿಸಿದರೆ, ಯಾರೂ ನೆನಪಿಟ್ಟುಕೊಳ್ಳದೆ, ಯಾರಿಗೂ ಉಪದೇಶ ಮಾಡದೆ, ನೀರು ಪ್ರತಿದಿನವೂ ಉಳಿಯುತ್ತದೆ.

ಹೀಗೆ ಚೆಲ್ಲುವ ನೀರು ಯಾವುದೆಂಬುದನ್ನೂ ನೆನೆಯಬೇಕು. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಿಸಿದ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರವನ್ನೂ ಸುಮಾರು ಅರ್ಧ ಕಿಲೋಮೀಟರ್ ಎತ್ತರವನ್ನೂ ಕ್ರಮಿಸಿ ಬೆಂಗಳೂರಿಗೆ ಬರುತ್ತದೆ. ಒಂದು ಸಾವಿರ ಲೀಟರ್ ನೀರನ್ನು ಅಷ್ಟು ಎತ್ತರಕ್ಕೆ ಏರಿಸಲು, ಪಂಪು ಮತ್ತು ಕೊಳವೆಗಳ ನಷ್ಟವನ್ನು ಬಿಟ್ಟರೂ, ಸುಮಾರು 1.4 ಯೂನಿಟ್ ವಿದ್ಯುತ್ ಬೇಕೆಂಬುದು ಭೌತಶಾಸ್ತ್ರದ ಸರಳ ಲೆಕ್ಕ. ಇಷ್ಟು ಕಷ್ಟಪಟ್ಟು ಮೇಲೆ ತಂದ, ಕುಡಿಯಲು ಯೋಗ್ಯವಾದ ನೀರನ್ನು ನಾವು ಒಂದು ಲೋಟ ಮೂತ್ರವನ್ನು ಸಾಗಿಸಲು ಹತ್ತು ಲೀಟರಿನಂತೆ ಸುರಿಯುತ್ತೇವೆ.

ಇದಕ್ಕೆ ಪರಿಹಾರವನ್ನು ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ. ನಮ್ಮ ಶಾಲೆಗಳಲ್ಲಿ ಮಕ್ಕಳು ‘ಒಂದಕ್ಕೆ’, ‘ಎರಡಕ್ಕೆ’ ಎಂದು ಬೆರಳೆತ್ತಿ ಅನುಮತಿ ಕೇಳುವುದುಂಟು. ಆ ಭೇದವನ್ನು ಯಂತ್ರಕ್ಕೆ ಕಲಿಸಿದವರು ಆಸ್ಟ್ರೇಲಿಯದ ಕರೋಮಾ ಸಂಸ್ಥೆಯ ಬ್ರೂಸ್ ಥಾಂಪ್ಸನ್. ಅವರು 1980ರಲ್ಲಿ ರೂಪಿಸಿದ ಟ್ಯಾಂಕಿಗೆ ಎರಡು ಬಟನ್‌ಗಳಿದ್ದವು. ಒಂದನ್ನು ಒತ್ತಿದರೆ 11 ಲೀಟರ್, ಇನ್ನೊಂದನ್ನು ಒತ್ತಿದರೆ ಅದರ ಅರ್ಧ. ಒಣ ಭೂಖಂಡದ ಆ ದೇಶದ ಹಲವು ರಾಜ್ಯಗಳು ಹೊಸ ಕಟ್ಟಡಗಳಲ್ಲಿ ಅದನ್ನು ಕಡ್ಡಾಯಗೊಳಿಸಿದವು. ಮುಂದೆ ಕಮೋಡಿನ ಆಕಾರವನ್ನೇ ತಿದ್ದಿದ ಮೇಲೆ, 1990ರ ದಶಕದಲ್ಲಿ, ಆ ಅಳತೆ 6 ಮತ್ತು 3 ಲೀಟರಿಗೆ ಇಳಿಯಿತು. ಇಂದು ಬೆಂಗಳೂರಿನ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ಎರಡು ಬಟನ್‌ಗಳ ಟ್ಯಾಂಕಿನ ಹಿಂದಿರುವುದು ಇದೇ ಕಥೆ.

ಕಮೋಡಿನ ಆಕಾರವನ್ನೂ ತಿದ್ದಬೇಕಾಯಿತು ಎಂಬ ಮಾತು ಮುಖ್ಯವಾದುದು. ಇದನ್ನು ಮರೆತದ್ದಕ್ಕೆ ಅಮೆರಿಕ ಸಾಕಷ್ಟು ಪಾಡುಪಟ್ಟಿತು. ಅಲ್ಲಿ 1992ರ ಇಂಧನ ನೀತಿ ಕಾಯ್ದೆಯ ಪ್ರಕಾರ, 1994ರಿಂದ ಮನೆಗಳಿಗೆಂದು ತಯಾರಾಗುವ ಹೊಸ ಕಮೋಡುಗಳು ಒಂದು ಫ್ಲಶ್‌ಗೆ 1.6 ಗ್ಯಾಲನ್, ಅಂದರೆ ಸುಮಾರು 6 ಲೀಟರಿಗಿಂತ ಹೆಚ್ಚು ನೀರು ಬಳಸುವಂತಿರಲಿಲ್ಲ. ಅದಕ್ಕೆ ಮುನ್ನ 13 ಲೀಟರ್ ಸಾಮಾನ್ಯವಾಗಿತ್ತು. ಹಲವು ತಯಾರಕರು ಹಳೆಯ ವಿನ್ಯಾಸವನ್ನೇ ಉಳಿಸಿಕೊಂಡು ನೀರನ್ನಷ್ಟೇ ಕಡಿಮೆ ಮಾಡಿದರು. ಪರಿಣಾಮವಾಗಿ ಜನ ಎರಡೆರಡು ಬಾರಿ ಫ್ಲಶ್ ಮಾಡತೊಡಗಿದರು. ಪತ್ರಿಕೆಗಳು ಗೇಲಿ ಮಾಡಿದವು. ಆ ನಿಯಮವನ್ನೇ ರದ್ದುಗೊಳಿಸುವ ಮಸೂದೆ ಅಲ್ಲಿನ ಸಂಸತ್ತಿನಲ್ಲಿ ಮಂಡನೆಯಾಯಿತು. ನಿಯಮ ಉಳಿಯಿತು. ಅದನ್ನು ನಿಜವಾಗಿ ಗೆಲ್ಲಿಸಿದವರು ಎಂಜಿನಿಯರುಗಳು. ನೀರು ಒಮ್ಮೆಗೇ ರಭಸದಿಂದ ಇಳಿಯುವಂತೆ ದೊಡ್ಡ ವಾಲ್ವ್, ಮಲ ಅಂಟಿಕೊಳ್ಳದಂತೆ ಒಳಗೂ ನುಣುಪು ಲೇಪನವಿರುವ ಅಗಲವಾದ ದಾರಿ, ಹೀಗೆ ಒಂದೊಂದಾಗಿ ದೋಷಗಳನ್ನು ತಿದ್ದಿದರು. 2003ರಲ್ಲಿ ಕೆನಡಾ ಮತ್ತು ಅಮೆರಿಕದ ಇಬ್ಬರು ಜಲತಜ್ಞರು ಸೋಯಾ ಹಿಟ್ಟಿನ ಮುದ್ದೆಗಳನ್ನು ಕಮೋಡಿಗೆ ಹಾಕಿ, ಒಂದು ಫ್ಲಶ್‌ಗೆ ಎಷ್ಟು ಗ್ರಾಂ ಕೊಚ್ಚಿಹೋಗುತ್ತದೆ ಎಂದು ಅಳೆಯುವ ಪರೀಕ್ಷೆಯನ್ನು ಆರಂಭಿಸಿದರು. ಯಾವ ಕಮೋಡು ಎಷ್ಟು ಸಮರ್ಥ ಎಂಬುದು ಗ್ರಾಹಕನಿಗೆ ತಿಳಿಯುವಂತಾದ ಮೇಲೆ ಕೆಟ್ಟ ಮಾಲು ತಾನಾಗಿಯೇ ಹಿಂದೆ ಸರಿಯಿತು. ಹಾಸ್ಯಾಸ್ಪದವೆನಿಸಬಹುದಾದ ಈ ಪರೀಕ್ಷೆ ಉಳಿಸಿದ ನೀರು ಹಾಸ್ಯದ ಪ್ರಮಾಣದ್ದಲ್ಲ.

ಇನ್ನೊಂದು ಪಾಠ ಇಂಗ್ಲೆಂಡಿನದು. ಅಲ್ಲಿ ಫ್ಲಶ್ ಟ್ಯಾಂಕನ್ನು ಹಿಂದೆ ‘ನೀರು ಪೋಲು ತಡೆಯುವ ಸಾಧನ’ ಎಂದೇ ಕರೆಯುತ್ತಿದ್ದರು. ಸೈಫನ್ ತತ್ವದ ಮೇಲೆ ಕೆಲಸ ಮಾಡುತ್ತಿದ್ದ ಆ ಟ್ಯಾಂಕಿನಲ್ಲಿ ನೀರು ಮೊದಲು ಮೇಲೇರಿ ಆಮೇಲೆ ಇಳಿಯಬೇಕಿತ್ತು. ತಳದಲ್ಲಿ ತೆರೆದು ಮುಚ್ಚುವ ವಾಲ್ವ್ ಇರಲಿಲ್ಲವಾದ್ದರಿಂದ ವಾಷರ್ ಸವೆದು ನೀರು ಕಮೋಡಿಗೆ ಸೋರುವ ಪ್ರಶ್ನೆಯೇ ಇರಲಿಲ್ಲ. 2001ರಿಂದ ಅಲ್ಲಿಯೂ ತಳದಲ್ಲಿ ವಾಲ್ವ್ ಇರುವ ಟ್ಯಾಂಕುಗಳಿಗೆ ಅನುಮತಿ ದೊರೆಯಿತು. ಫ್ಲಶ್‌ನ ಗರಿಷ್ಠ ಅಳತೆ 6 ಲೀಟರಿಗೆ ಇಳಿಯಿತಾದರೂ ಸೋರಿಕೆ ಹೊಸ ಪಿಡುಗಾಯಿತು. ನೀರು ಉಳಿಸುವ ಸಾಧನವೇ ನೀರು ಪೋಲು ಮಾಡುವ ಸಾಧನವೂ ಆಗಬಲ್ಲದು.

ಇದು ಪರದೇಶದ ಮಾತಷ್ಟೇ ಅಲ್ಲ. ಆ ಬೇಸಿಗೆಯ ಬಿಸಿ ತಟ್ಟಿದ ಮೇಲೆ ನಾನು ನಮ್ಮ ಮನೆಯ ಹಳೆಯ ಟ್ಯಾಂಕನ್ನು ತೆಗೆಸಿ, ಎರಡು ಬಟನ್‌ಗಳ ಹೊಸದನ್ನು ಹಾಕಿಸಿ ನಿಶ್ಚಿಂತನಾಗಿದ್ದೆ. ವರ್ಷ ಕಳೆದ ಮೇಲೆ ಪ್ಲಂಬರ್ ಒಬ್ಬರು ಬೇರೆ ಕೆಲಸಕ್ಕೆ ಬಂದವರು, “ಸಾರ್, ನಿಮ್ಮ ಟ್ಯಾಂಕ್ ಸೋರ್ತಾ ಇದೆ, ಗೊತ್ತಾ?” ಎಂದರು. ನಾನು ನಂಬಲಿಲ್ಲ. ಅವರು ಅಡುಗೆಮನೆಯಿಂದ ಕೇಸರಿಬಾತಿಗೆ ಹಾಕುವ ಬಣ್ಣವನ್ನು ತರಿಸಿ ಟ್ಯಾಂಕಿಗೆ ಒಂದು ಚಿಟಿಕೆ ಹಾಕಿದರು. ಯಾರೂ ಫ್ಲಶ್ ಮಾಡಬೇಡಿ ಎಂದರು. ಇಪ್ಪತ್ತು ನಿಮಿಷಗಳಲ್ಲಿ ಕಮೋಡಿನೊಳಗೆ ಕಿತ್ತಳೆ ಬಣ್ಣ ಇಳಿದಿತ್ತು. ಸದ್ದಿಲ್ಲದೆ, ಹಗಲಿರುಳು, ಎಷ್ಟು ತಿಂಗಳಿಂದ ಹಾಗೆ ಹರಿಯುತ್ತಿತ್ತೋ! ತೊಂದರೆಗೆ ಕಾರಣ ತಳದ ಒಂದು ಸಣ್ಣ ರಬ್ಬರ್ ವಾಷರ್. ನೀರು ಉಳಿಸುತ್ತಿದ್ದೇನೆಂಬ ನನ್ನ ಹೆಮ್ಮೆಯೂ ಆ ನೀರಿನೊಂದಿಗೇ ಹರಿದುಹೋಯಿತು.

ಹಾಗಾದರೆ ಉಳಿತಾಯ ಎಷ್ಟಾದೀತು? ನಾಲ್ವರ ಕುಟುಂಬ ದಿನಕ್ಕೆ ಒಟ್ಟು ಇಪ್ಪತ್ತು ಬಾರಿ ಫ್ಲಶ್ ಮಾಡುತ್ತದೆ ಎಂದುಕೊಳ್ಳೋಣ. ಹತ್ತು ಲೀಟರಿನ ಹಳೆಯ ಟ್ಯಾಂಕಾದರೆ ಖರ್ಚು 200 ಲೀಟರ್. ಎರಡು ಬಟನ್‌ಗಳ ಟ್ಯಾಂಕಿನಲ್ಲಿ ಹದಿನಾರು ಬಾರಿ 3 ಲೀಟರ್, ನಾಲ್ಕು ಬಾರಿ 6 ಲೀಟರ್ ಬಳಸಿದರೆ ಖರ್ಚು 72 ಲೀಟರ್. ಉಳಿತಾಯ ದಿನಕ್ಕೆ 128 ಲೀಟರ್. ವರ್ಷಕ್ಕೆ ಸುಮಾರು 47 ಸಾವಿರ ಲೀಟರ್. ಅಂಥ ಹತ್ತು ಲಕ್ಷ ಮನೆಗಳು ಬದಲಾದರೆ ದಿನಕ್ಕೆ ಹನ್ನೆರಡೂಮುಕ್ಕಾಲು ಕೋಟಿ ಲೀಟರಿಗೂ ಹೆಚ್ಚು ನೀರು ಉಳಿಯುತ್ತದೆ. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಕಾವೇರಿ ಐದನೇ ಹಂತದ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್. ಅದರ ಆರನೆಯ ಒಂದು ಭಾಗದಷ್ಟು ನೀರನ್ನು ನದಿಯಿಂದ ಒಂದು ಹನಿಯನ್ನೂ ಹೆಚ್ಚುವರಿಯಾಗಿ ಎತ್ತದೆ ಪಡೆದಂತಾಯಿತು. ಇದು ನನ್ನ ಕಾಗದದ ಮೇಲಿನ ಲೆಕ್ಕ, ನಿಜ. ಆದರೆ ನ್ಯೂಯಾರ್ಕ್ ನಗರ ಇಂಥದ್ದನ್ನು ಕಾರ್ಯತಃ ಮಾಡಿ ತೋರಿಸಿದೆ. 1994ರಿಂದ 1997ರವರೆಗೆ ಆ ನಗರಾಡಳಿತ ಹಳೆಯ ಕಮೋಡನ್ನು ಬದಲಿಸಿದವರಿಗೆ ಹಣ ಮರಳಿಸುವ ಯೋಜನೆಯನ್ನು ನಡೆಸಿ ಸುಮಾರು 13 ಲಕ್ಷ ಕಮೋಡುಗಳನ್ನು ಬದಲಾಯಿಸಿತು. ಹೊಸ ನೀರಿನ ಮೂಲವನ್ನು ಹುಡುಕುವುದಕ್ಕಿಂತ ಇದು ಅಗ್ಗವೆಂಬುದು ಅದರ ತರ್ಕವಾಗಿತ್ತು.

ಹಾಗೆಂದು ಅಗ್ಗದ, ಮಿತವ್ಯಯದ ಶೌಚಾಲಯವನ್ನು ಹೊರಗಿನವರಿಂದಲೇ ಕಲಿಯಬೇಕಾಗಿಲ್ಲ. ಬಿಹಾರದಲ್ಲಿ 1970ರಲ್ಲಿ ಸುಲಭ್ ಸಂಸ್ಥೆಯನ್ನು ಕಟ್ಟಿದ ಬಿಂದೇಶ್ವರ ಪಾಠಕ್, ಎರಡು ಗುಂಡಿಗಳ ಶೌಚಾಲಯವನ್ನು ಬಡವರ ಮನೆಗಳಿಗೆ ಒಯ್ದರು. ಅದರ ಪ್ಯಾನಿನ ಇಳಿಜಾರು 25ರಿಂದ 28 ಡಿಗ್ರಿ. ದುರ್ವಾಸನೆ ತಡೆಯಲು ಕೊಳವೆಯ ಬಾಗಿನಲ್ಲಿ ನಿಲ್ಲುವ ನೀರಿನ ಆಳ ಕೇವಲ 20 ಮಿಲಿಮೀಟರ್. ಇಷ್ಟರಿಂದಲೇ ಒಂದೂವರೆ ಲೀಟರ್ ನೀರು ಸುರಿದರೆ ಸಾಕಾಗುತ್ತದೆ. ಮಲ ಹೊರುವ ಅಮಾನುಷ ಪದ್ಧತಿಯನ್ನು ತೊಲಗಿಸುವುದು ಅವರ ಮೊದಲ ಗುರಿಯಾಗಿತ್ತು. ನೀರಿನ ಉಳಿತಾಯ ಅದರ ಜೊತೆಗೇ ಬಂತು. 2009ರಲ್ಲಿ ಸ್ಟಾಕ್‌ಹೋಮ್ ಜಲ ಪ್ರಶಸ್ತಿ ಪಡೆದ ಪಾಠಕ್ 2023ರಲ್ಲಿ ನಿಧನರಾದರು. ನೀರನ್ನು ಹೊತ್ತು ತರುವವರಿಗೆ ಎಷ್ಟು ಸುರಿಯಬೇಕೆಂಬುದು ಯಾರೂ ಹೇಳದೆಯೇ ಗೊತ್ತಿರುತ್ತದೆ. ಬಟನ್ ಒತ್ತುವವರಿಗೆ ಅದು ಗೊತ್ತಾಗುವುದಿಲ್ಲ. ಸಮಸ್ಯೆಯ ಮೂಲ ಇರುವುದು ಇಲ್ಲಿಯೇ.

ಬಹುತೇಕ ಅಪಾರ್ಟ್‌ಮೆಂಟ್‌ಗಳಲ್ಲಿ ಇಡೀ ಕಟ್ಟಡಕ್ಕೆ ಒಂದೇ ಮೀಟರ್. ಬಿಲ್ಲನ್ನು ನಿರ್ವಹಣಾ ಶುಲ್ಕದೊಳಗೆ ಎಲ್ಲರಿಗೂ ಹಂಚಲಾಗುತ್ತದೆ. ಸೋರುವವರೂ ಉಳಿಸುವವರೂ ತೆರುವುದು ಒಂದೇ ಮೊತ್ತ. ಮನೆಮನೆಗೂ ಮೀಟರ್ ಬರದ ಹೊರತು ಯಾವ ಆವಿಷ್ಕಾರವೂ ಪೂರ್ತಿ ಫಲ ಕೊಡಲಾರದು. ದೊಡ್ಡ ವಸತಿ ಸಮುಚ್ಚಯಗಳಲ್ಲಿ ಸಂಸ್ಕರಿಸಿದ ನೀರನ್ನು ಪ್ರತ್ಯೇಕ ಕೊಳವೆಯ ಮೂಲಕ ಫ್ಲಶ್‌ಗೆ ಬಳಸಬೇಕೆಂಬ ನಿಯಮವೇನೋ ಇದೆ. ಆದರೆ ವಾಸನೆ, ಬಣ್ಣ ಎಂದು ಮೂಗು ಮುರಿದು, ಮತ್ತೆ ಒಳ್ಳೆಯ ನೀರನ್ನೇ ಟ್ಯಾಂಕಿಗೆ ಹರಿಸುವ ಕಟ್ಟಡಗಳನ್ನು ನಾನೇ ಕಂಡಿದ್ದೇನೆ. ಘಟಕವನ್ನು ಸರಿಯಾಗಿ ನಡೆಸಿದರೆ ಆ ದೂರು ಉಳಿಯದು.

ಜಲಮಂಡಳಿ ಏರೇಟರ್ ವಿಷಯದಲ್ಲಿ ತೋರಿದ ಉತ್ಸಾಹವನ್ನು ಫ್ಲಶ್ ಟ್ಯಾಂಕಿನ ವಿಷಯದಲ್ಲಿಯೂ ತೋರಬೇಕು. ಹಳೆಯ ಟ್ಯಾಂಕನ್ನು ಬದಲಿಸುವವರಿಗೆ ನೀರಿನ ಬಿಲ್ಲಿನಲ್ಲಿ ರಿಯಾಯಿತಿ ಕೊಡಲಿ. ಕಮೋಡು ಮತ್ತು ಟ್ಯಾಂಕು ಒಂದಕ್ಕೊಂದು ಹೊಂದುತ್ತವೆಯೇ, ಎಷ್ಟು ನೀರಿನಲ್ಲಿ ಎಷ್ಟು ಚೊಕ್ಕವಾಗುತ್ತದೆ ಎಂಬುದನ್ನು ಪರೀಕ್ಷಿಸಿ ಪೆಟ್ಟಿಗೆಯ ಮೇಲೆ ಮುದ್ರಿಸುವಂತಾಗಲಿ. ಫ್ರಿಜ್ ಕೊಳ್ಳುವಾಗ ನಕ್ಷತ್ರಗಳನ್ನು ಎಣಿಸುವ ನಾವು ಕಮೋಡು ಕೊಳ್ಳುವಾಗ ಬಣ್ಣವನ್ನಷ್ಟೇ ನೋಡುತ್ತೇವೆ.

ಈ ಸಲದ ನಮ್ಮ ಸಂಘದ ಸಭೆಯಲ್ಲಿ ನಾನು ಎದ್ದು ನಿಂತು ಫ್ಲಶ್ ಟ್ಯಾಂಕಿನ ಮಾತೆತ್ತಿದೆ. ಕೆಲವರು ನಕ್ಕರು. ಒಬ್ಬ ಹಿರಿಯರು ಮುಖ ತಿರುಗಿಸಿದರು. ಆದರೆ ಮರುದಿನ ನಮ್ಮ ಮಹಡಿಯ ಮನೆಗಳಲ್ಲೆಲ್ಲ ಬಣ್ಣದ ಪರೀಕ್ಷೆ ನಡೆಯಿತು. ಎರಡು ಮನೆಗಳ ಕಮೋಡಿನಲ್ಲಿ ಕಿತ್ತಳೆ ಬಣ್ಣ ಕಾಣಿಸಿತು. ಅವುಗಳಲ್ಲೊಂದು ಆ ಹಿರಿಯರ ಮನೆ. ಸಂಜೆಯೊಳಗೆ ಅವರು ವಾಷರ್ ಬದಲಾಯಿಸಿದ್ದರು. ಓದುಗರಲ್ಲಿ ನನ್ನ ಕೋರಿಕೆಯೂ ಅಷ್ಟೇ. ಇಂದು ರಾತ್ರಿ ಮಲಗುವ ಮುನ್ನ ನಿಮ್ಮ ಟ್ಯಾಂಕಿಗೆ ಒಂದು ಚಿಟಿಕೆ ಬಣ್ಣ ಹಾಕಿ ನೋಡಿ.